ಕೋಣೆಯಲ್ಲಿ ಕೇಳಿಸಿದ ಮಾತು

ನಮ್ಮೂರಿನಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಆಡಿದ ಮಾತು ಆ ಕೋಣೆಯಲ್ಲೇ ಉಳಿಯುತ್ತದೆ. ಕಿಟಕಿ ತೆಗೆದರೆ ಹೋಗುತ್ತದೆ. ಬಾಗಿಲನ್ನು ಎಷ್ಟು ಸಲ ತೆಗೆದು ಹಾಕಿದರೂ ಪ್ರಯೋಜನವಿಲ್ಲ, ಕಿಟಕಿಯೇ ಆಗಬೇಕು. ಒಳಗೆ ಹೋಗಿ ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಬಾಯಿ ಮುಚ್ಚಿ ಕೂತರೆ, ಕೊನೆಗೆ ಆಡಿದ ಮಾತುಕತೆ ಮೊದಲು ಕೇಳಿಸುತ್ತದೆ, ಅದರ ಹಿಂದಿನದು ಆಮೇಲೆ. ಹೊರಗಿನವರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ. ನಮಗೆ ಇದರಲ್ಲಿ ಅಂಥ ವಿಶೇಷವೇನೂ ಕಾಣುವುದಿಲ್ಲ. ಜಗಳವಾದ ಮನೆಯಲ್ಲಿ ಮೊದಲು ಕಿಟಕಿ ತೆಗೆಯುತ್ತಾರೆ, ಆಮೇಲೆ ಅನ್ನಕ್ಕಿಡುತ್ತಾರೆ. ಬಾಡಿಗೆ ಮನೆ ಬಿಡುವವರು ಮೂರು ದಿನ ಕಿಟಕಿಗಳನ್ನು ತೆರೆದಿಟ್ಟು ಬೀಗದ ಕೈ ಕೊಡುತ್ತಾರೆ. ಹೆಣ್ಣು ನೋಡಲು ಬಂದವರು ತಮ್ಮ ಅಭಿಪ್ರಾಯವನ್ನು ಬೀದಿಯ ತಿರುವು ದಾಟಿದ ಮೇಲೆಯೇ ಹೇಳಿಕೊಳ್ಳುವುದು. ಅಷ್ಟೇ.

ನನ್ನ ಹೆಸರು ಅಂಬುಜಾಕ್ಷಿ. ಊರಿನ ದೊಡ್ಡಾಸ್ಪತ್ರೆಯ ಮನೋಸಲಹಾ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಮೇಲ್ವಿಚಾರಕಿಯಾಗಿದ್ದೆ. ಓದು ಮುಗಿಸಿದ ಹುಡುಗ ಹುಡುಗಿಯರು ಆರು ತಿಂಗಳ ತರಬೇತಿಗೆ ನನ್ನ ಕೈಕೆಳಗೆ ಬರುತ್ತಿದ್ದರು. ಬೇರೆ ಊರುಗಳಲ್ಲಿ ಮೇಲ್ವಿಚಾರಕರು ಟೇಪು ಹಾಕಿಕೊಂಡು ಕೇಳುತ್ತಾರಂತೆ, ಗಾಜಿನ ಹಿಂದೆ ಕೂತು ನೋಡುತ್ತಾರಂತೆ. ನನಗೆ ಆ ರಗಳೆ ಇರಲಿಲ್ಲ. ತರಬೇತಿಯವರು ಸಲಹೆಗೆ ಬಂದವರೊಂದಿಗೆ ಮಾತಾಡಿ ಹೊರಗೆ ಕಳಿಸಿದ ಮೇಲೆ, ಬಂದವರ ಒಪ್ಪಿಗೆ ಪಡೆದು, ನಾನು ಆ ಕೋಣೆಗೆ ಹೋಗಿ ಕೂರುತ್ತಿದ್ದೆ. ಎಲ್ಲಿ ಅವಸರ ಮಾಡಿದರು, ಎಲ್ಲಿ ಬುದ್ಧಿ ಹೇಳಲು ಹೋದರು, ಎಲ್ಲಿ ಸುಮ್ಮನಿರಬೇಕಿದ್ದೂ ಸುಮ್ಮನಿರಲಿಲ್ಲ, ಎಲ್ಲ ಕೇಳಿಸುತ್ತಿತ್ತು. ನಮೂನೆಯಲ್ಲಿ ‘ಕೋಣೆಯಲ್ಲಿ ಕೇಳಿಸಿದ ಮಾತು’ ಎಂಬ ಅಂಕಣ ತುಂಬಿ ಸಹಿ ಹಾಕುತ್ತಿದ್ದೆ. ಆಮೇಲೆ ಸಿದ್ದಮ್ಮ ಬಂದು ಕಿಟಕಿ ತೆಗೆಯುತ್ತಿದ್ದಳು. ಸಿದ್ದಮ್ಮ ಎಂದರೆ ನಮ್ಮ ವಿಭಾಗದ ಆಯಾ, ನನಗಿಂತ ಎರಡು ವರ್ಷ ದೊಡ್ಡವಳು, ನನಗಿಂತ ಹೆಚ್ಚು ಜನರ ಗುಟ್ಟು ಬಲ್ಲವಳು.

ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಹುಟ್ಟಿದಾಗ ಹೆಣ್ಣೆಂದು ಬರೆಸಿಕೊಂಡು ತಾನು ಗಂಡೆಂದು ಬಲ್ಲವರಿದ್ದರು, ಗಂಡೆಂದು ಬರೆಸಿಕೊಂಡು ಹೆಣ್ಣೆಂದು ಬಲ್ಲವರಿದ್ದರು, ಎರಡೂ ಅಲ್ಲವೆಂದು ಬಲ್ಲವರೂ ಇದ್ದರು. ಅವರಿಗೆ ಔಷಧಿ ಕೊಡುವ ಡಾಕ್ಟರು ಆರು ತಿಂಗಳಿಗೊಮ್ಮೆ, ಒಂದು ಗುರುವಾರ, ದೂರದಿಂದ ಬರುತ್ತಿದ್ದರು. ನಮ್ಮ ಪತ್ರವಿಲ್ಲದೆ ಅವರು ನೋಡುತ್ತಿರಲಿಲ್ಲ. ಮೂರು ಸಲ ಮಾತುಕತೆಯಾಗಿ, ಮೂರು ಅಂಕಣ ತುಂಬಿ, ನನ್ನ ಸಹಿ ಬಿದ್ದರೆ ಪತ್ರ. ತರಬೇತಿಯವರಿಗೆ ಮೊದಲ ದಿನವೇ ನಾನು ಹೇಳುತ್ತಿದ್ದ ಪಾಠ ಎರಡು. ಬಂದವರನ್ನು ಪರೀಕ್ಷೆ ಮಾಡಲು ನೀವು ಕೂತಿಲ್ಲ, ಜೊತೆಗಿರಲು ಕೂತಿದ್ದೀರಿ. ಬಂದವರು ಯಾವ ಹೆಸರು ಹೇಳಿದರೋ ಆ ಹೆಸರಿನಿಂದಲೇ ಕರೆಯಿರಿ, ಅವರು ಎದುರಿಗಿದ್ದಾಗಲೂ, ಇಲ್ಲದಾಗಲೂ. ಈ ಎರಡನೆಯ ಪಾಠವನ್ನು ಪರೀಕ್ಷೆಯಲ್ಲೂ ಕೇಳುತ್ತಿದ್ದೆ. ಇದನ್ನು ಯಾಕೆ ಹೇಳಿದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಆ ವರ್ಷ ತರಬೇತಿಗೆ ಬಂದವರಲ್ಲಿ ರುಖಿಯಾ ಎಂಬವಳಿದ್ದಳು. ಕಡಿಮೆ ಮಾತಿನವಳು, ಹೇಳಿದ್ದನ್ನು ಒಂದೇ ಸಲಕ್ಕೆ ಒಪ್ಪಿಕೊಳ್ಳದವಳು. ಅವಳ ಪಾಲಿಗೆ ಬಂದದ್ದು ವಿರೂಪಾಕ್ಷ. ಇಪ್ಪತ್ಮೂರು ವರ್ಷ, ತೆಳ್ಳಗಿನ ಮೈ, ಗಿಡ್ಡಗೆ ಕತ್ತರಿಸಿದ ಕೂದಲು, ಸದಾ ಮಡಿಚಿದ ತೋಳಿನ ಅಂಗಿ. ಹೆಸರು ಕೇಳಿ ನಾನು, “ಈ ಕಾಲದೋರು ಇಷ್ಟು ಹಳೇ ಹೆಸರು ಇಟ್ಕೊಳ್ತಾರಾ?” ಎಂದೆ. “ಅಜ್ಜನ ಹೆಸರು ಮೇಡಂ, ಅಮ್ಮನ ಅಪ್ಪ,” ಎಂದು ಮೆಲ್ಲಗೆ, ಬಾಗಿಲ ಹೊರಗೆ ನಿಂತೇ ಹೇಳಿದ. ಒಳಗೆ ಬಂದು ಹೇಳಬಹುದಿತ್ತಲ್ಲ ಎಂದು ಆಗ ಅನಿಸಿತು. ಆದರೂ “ಬನ್ನಿ ವಿರೂಪಾಕ್ಷ, ಕೂತ್ಕೊಳ್ಳಿ” ಎಂದು ಚೆನ್ನಾಗಿಯೇ ಮಾತಾಡಿಸಿದೆ.

ಮೊದಲ ಮಾತುಕತೆ ಮುಗಿದ ಮೇಲೆ ಎರಡನೇ ನಂಬರಿನ ಕೋಣೆಗೆ ಹೋಗಿ ಕೂತೆ. ಕಾಫಿ ಆರಿತು. ಏನೂ ಇಲ್ಲ. ಎರಡನೆಯ ವಾರ ಹೋಗಿ ಕೂತೆ, ಏನೂ ಇಲ್ಲ. ಮೂರನೆಯ ವಾರವೂ ಅಷ್ಟೇ. ಒಂದೊಂದು ಸಲವೂ ಒಂದು ಗಂಟೆ ಒಳಗಿದ್ದು ಬಂದವರು ಅವರು. ರುಖಿಯಾಳನ್ನು ನನ್ನ ಕೋಣೆಗೆ ಕರೆಸಿ ಬಾಗಿಲು ಹಾಕಿದೆ.

“ಏನಮ್ಮ, ಮೂರು ವಾರ ಮುಖ ಮುಖ ನೋಡ್ಕೊಂಡು ಕೂತಿದ್ರಾ?”

“ಇಲ್ಲ ಮೇಡಂ, ಅವ್ರು ತುಂಬಾ ಮಾತಾಡಿದ್ರು. ಕಿಟಕಿ ತೆಗೆದಿಟ್ಟಿದ್ವಿ.”

“ಯಾರನ್ನ ಕೇಳಿ ತೆಗೆದ್ರಿ?”

“ಅವ್ರೇ ಕೇಳಿದ್ರು. ಮುಚ್ಚಿದ ಕೋಣೇಲಿ ಮಾತಾಡಲ್ಲ ಅಂದ್ರು. ನಾನು ಎಲ್ಲ ಬರ್ಕೊಂಡಿದ್ದೀನಿ.”

ಅವಳು ಬರೆದುಕೊಂಡು ತಂದ ಹಾಳೆಗಳಲ್ಲಿ ಅಕ್ಷರ ಅಚ್ಚುಕಟ್ಟಾಗಿತ್ತು. ಆದರೆ ಅಂಕಣದ ಹೆಸರು ‘ರುಖಿಯಾ ಬರೆದುಕೊಂಡ ಮಾತು’ ಎಂದಲ್ಲವಲ್ಲ. ಅವತ್ತು ನಾನು ಏನು ಹೇಳಿದೆನೋ ಅದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ, ಯಾಕೆಂದರೆ ಆಮೇಲೆ ಅದನ್ನು ಹಲವು ಸಲ ಕೇಳಿಸಿಕೊಂಡಿದ್ದೇನೆ. “ಆ ಹುಡುಗಿ ನಿನ್ನನ್ನ ಆಟ ಆಡಿಸ್ತಿದ್ದಾಳೆ. ನಿಜ ಇದ್ದೋರಿಗೆ ಕಿಟಕಿ ಯಾಕೆ ಬೇಕು? ನಾಳೆ ಮನಸ್ಸು ಬದಲಾಯ್ತು ಅಂತ ಬಂದು ನಿಂತ್ರೆ ಯಾರ ಸಹಿ ಇರುತ್ತೆ ಅಲ್ಲಿ? ನಂದು. ಇನ್ನೊಂದು ಸಲ ಮುಚ್ಚಿದ ಕೋಣೇಲಿ ಕೂರಿಸು. ಮಾತಾಡಿದ್ರೆ ಪತ್ರ, ಇಲ್ದಿದ್ರೆ ಮುಂದಿನ ಆರು ತಿಂಗಳಿಗೆ ನೋಡೋಣ. ಅವಳಿಗೇನು ಅವಸರ?”

ರುಖಿಯಾ ಹಾಳೆಗಳನ್ನು ನನ್ನ ಮೇಜಿನ ಮೇಲಿಟ್ಟಳು. “ಮೇಡಂ, ನಿಮ್ಮ ಎರಡನೇ ಪಾಠ...” ಎಂದಳು. “ಪಾಠ ನನಗೆ ಹೇಳಿಕೊಡ್ಬೇಡ,” ಎಂದೆ. ಅವಳು ಎದ್ದು ಹೋದಳು. ಗುರುವಾರಕ್ಕೆ ಮೂರು ದಿನವಿತ್ತು.

ನನ್ನ ಕೋಣೆಯ ಕಿಟಕಿಯ ಆಚೆ ಆಸ್ಪತ್ರೆಯ ಜನರೇಟರ್ ಇದೆ. ಅದರ ಸದ್ದು, ಹೊಗೆ. ಹಾಗಾಗಿ ಆ ಕಿಟಕಿಯನ್ನು ಹನ್ನೊಂದು ವರ್ಷದಿಂದ ಯಾರೂ ತೆಗೆದಿರಲಿಲ್ಲ. ಸಿದ್ದಮ್ಮನಿಗೂ ನಾನು, ಬಂದವರ ಕೋಣೆಗಳನ್ನು ನೋಡಿಕೋ, ನಂದು ಬೇಡ ಎಂದಿದ್ದೆ. ನನ್ನ ಕೋಣೆಯಲ್ಲಿ ಗುಟ್ಟೇನಿದೆ, ಕೆಲಸದ ಮಾತು ತಾನೆ. ಹಾಗಾದರೆ ಅಷ್ಟು ವರ್ಷದಲ್ಲಿ ನನಗದು ಒಮ್ಮೆಯೂ ಕೇಳಿಸಲಿಲ್ಲವೇ ಎಂದು ನೀವು ಕೇಳಬಹುದು. ಕಾಫಿ ಆರುವಷ್ಟು ಹೊತ್ತು ಬಾಯಿ ಮುಚ್ಚಿ ಕೂರಬೇಕು ಎಂದು ಆಗಲೇ ಹೇಳಿದೆನಲ್ಲ. ನನ್ನ ಕೋಣೆಯಲ್ಲಿ ನಾನು ಅಷ್ಟು ಹೊತ್ತು ಸುಮ್ಮನೆ ಕೂತದ್ದೇ ಇಲ್ಲ.

ಮಾರನೆಯ ದಿನ, ಮಂಗಳವಾರ, ನಾನು ಮೇಲಿನ ಮಹಡಿಯ ಸಭೆಗೆ ಹೋಗಿದ್ದೆ. ವಿರೂಪಾಕ್ಷ ಪತ್ರದ ವಿಚಾರ ಕೇಳಲು ಬಂದಿದ್ದಾನೆ. ಹಜಾರದಲ್ಲಿ ಸುಣ್ಣ ಬಳಿಯುತ್ತಿದ್ದರು, ಕೋಣೆಗಳಲ್ಲಿ ಜನರಿದ್ದರು. ಸಿದ್ದಮ್ಮ, ಪಾಪ ನಿಂತೇ ಇದ್ದಾನಲ್ಲ ಎಂದು ಅವನನ್ನು ನನ್ನ ಕೋಣೆಯಲ್ಲಿ ಕೂರಿಸಿದಳು. ಕುಡಿಯಲು ಕಾಫಿಯನ್ನೂ ಕೊಟ್ಟಳು.

ಮುಚ್ಚಿದ ಕೋಣೆಯಲ್ಲಿ ಬಾಯಿ ಬಿಡದೆ ಕೂರುವುದು ಅವನಿಗೆ ಅಭ್ಯಾಸ.

ನಾನು ಇಳಿದು ಬಂದಾಗ ಸಿದ್ದಮ್ಮ ಖಾಲಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮೇಜಿನ ಮೇಲೆ ಕಾಫಿ ಹಾಗೇ ಇತ್ತು. “ಅಮ್ಮಾವ್ರೆ, ಆ ಹುಡುಗ ಎದ್ದು ಹೋಗ್ಬಿಟ್ಟ. ಏನೋ ಕೇಳಿಸ್ಕೊಂಡ ಹಂಗಿತ್ತು ಮುಖ. ಪತ್ರ ಬೇಡ ಅಂತ ಹೇಳಿ ಅಂದ. ಮುಂದಿನ ಸಲಾನೂ ಬರಲ್ವಂತೆ.” ಸಿದ್ದಮ್ಮನಿಗೆ ನಾನು ಯಾವ ಪಾಠವನ್ನೂ ಹೇಳಿಕೊಟ್ಟಿರಲಿಲ್ಲ. ಅವಳು ಮಾತ್ರ ‘ಆ ಹುಡುಗ’ ಎಂದೇ ಹೇಳಿದಳು.

ಬಾಗಿಲು ಹಾಕಿಕೊಂಡು ಕೂತೆ. ಕಾಫಿ ಆಗಲೇ ಆರಿತ್ತಾದರೂ ಅಷ್ಟೇ ಹೊತ್ತು ಕಾದೆ. ಮೊದಲು ಬಂದದ್ದು ಆ ಮಾತೇ. ನನ್ನ ದನಿ ಅಷ್ಟು ಗಟ್ಟಿ ಎಂದು ನನಗೆ ಗೊತ್ತಿರಲಿಲ್ಲ. ಎದ್ದು ಹೋಗಬೇಕೆನಿಸಿತು, ಆದರೆ ತರಬೇತಿಯವರಿಗೆ ಯಾವತ್ತೂ ಹಾಗೆ ಎದ್ದು ಹೋಗಲು ಬಿಟ್ಟವಳಲ್ಲ ನಾನು. ಕೂತೆ. ಅದರ ಹಿಂದಿನದು ಬಂತು, ಅದರ ಹಿಂದಿನದು. ಹೋದ ವರ್ಷ ಬಂದಿದ್ದ ಒಬ್ಬಳು ಹೆಂಗಸನ್ನು ‘ಆ ಗಂಡಸು’ ಎಂದಿದ್ದೆ. ಎರಡು ವರ್ಷದ ಹಿಂದಿನ ಒಬ್ಬರಿಗೆ ‘ಅದು’ ಎಂದಿದ್ದೆ, ನಕ್ಕಿದ್ದೆ ಕೂಡ. ಜೊತೆಗಿದ್ದ ತರಬೇತಿಯವನೂ ನಕ್ಕಿದ್ದ, ಮೇಲ್ವಿಚಾರಕಿ ನಕ್ಕರೆ ನಗಬೇಕಲ್ಲ. ಅವರೆಲ್ಲರ ಎದುರಿಗೆ ನಾನು ಎಷ್ಟು ಹದವಾಗಿ ಮಾತಾಡಿದ್ದೆನೆಂದರೆ ಇಬ್ಬರು ನನಗೆ ಹಬ್ಬಕ್ಕೆ ಸಿಹಿ ತಂದುಕೊಟ್ಟಿದ್ದರು. ಅಷ್ಟು ವರ್ಷ ಎಲ್ಲರ ಕೋಣೆಗೂ ಹೋಗಿ ಕೂತೆ. ನನ್ನ ಕೋಣೆಗೆ ಯಾರೂ ಬಂದು ಕೂತಿರಲಿಲ್ಲ. ನಾಚಿಕೆಯಾಯಿತು ಎಂದರೆ ಕಡಿಮೆಯಾಯಿತು.

ಸಂಜೆ ಸಿದ್ದಮ್ಮ, “ಕಿಟಕಿ ತೆಗೀಲಾ ಅಮ್ಮಾವ್ರೆ?” ಎಂದಳು. ಬೇಡವೆಂದೆ. ಗಾಳಿಗೆ ಬಿಟ್ಟು ಕೈ ತೊಳೆದುಕೊಳ್ಳುವುದು ಸುಲಭವಾಗಿರುತ್ತಿತ್ತು.

ಬುಧವಾರ ಬೆಳಿಗ್ಗೆ ರುಖಿಯಾಳನ್ನು, “ಆ ಹುಡುಗ ಎಲ್ಲಿ ಸಿಗ್ತಾನೆ?” ಎಂದು ಕೇಳಿದೆ. “ಬಸ್ ಸ್ಟ್ಯಾಂಡಲ್ಲಿ ಮೇಡಂ. ಅಲ್ಲೇ ಕೆಲಸ,” ಎಂದಳು. “ನಾನು ನಿಮಗೆ ಕೊಟ್ಟ ನೋಟ್ಸಿನಲ್ಲಿ ಮೊದಲನೇ ಸಾಲು ಅದೇ.” ನಾನು ಆ ನೋಟ್ಸನ್ನು ಓದಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಾಯಿತು. ಇಬ್ಬರೂ ಹೊರಟೆವು.

ನಮ್ಮೂರ ಬಸ್ ಸ್ಟ್ಯಾಂಡಿಗೆ ಸೂರಿಲ್ಲ, ಗೋಡೆಯಿಲ್ಲ, ಬೇವಿನ ಮರಗಳಷ್ಟೇ. ಇನ್ನೂ ಎರಡು ಬೀದಿ ಇರುವಾಗಲೇ ಒಂದು ಕೂಗು ಕೇಳಿಸಿತು. “ಹೊಸಕಟ್ಟೆ ಹೊಸಕಟ್ಟೆ ಹೊಸಕಟ್ಟೇ! ಉಪ್ಪಳಗೇರಿ, ಮೂಡಲಪೇಟೇ! ಬನ್ನಿ ಬನ್ನಿ, ಹತ್ತಿ ಹತ್ತಿ!” ಆಸ್ಪತ್ರೆಯಲ್ಲಿ ಬಾಯಿ ಬಿಡದವನು ಇಲ್ಲಿ ಅರ್ಧ ಊರಿಗೆ ಕೇಳುವಂತೆ ಬಸ್ಸಿನ ಬದಿ ಬಡಿಯುತ್ತ ಕೂಗುತ್ತಿದ್ದ. ದನಿ ತೆಳು, ಆದರೆ ಹರಿತ. ಬಸ್ಸು ಹೊರಡುವ ತನಕ ನಾನು ಬೇವಿನ ಕಟ್ಟೆಯ ಮೇಲೆ ಕೂತೆ. ಅವನು ನನ್ನನ್ನು ನೋಡಿ ಟವೆಲಿನಿಂದ ಮುಖ ಒರೆಸಿಕೊಂಡು ಬಂದ.

“ಎಲ್ಲಿಗೆ ಮೇಡಂ?” ಎಂದ, ಪ್ರಯಾಣಿಕರನ್ನು ಕೇಳುವ ಹಾಗೆಯೇ.

“ನಿಮ್ಮನ್ನ ನೋಡೋಕೇ ಬಂದೆ. ನಾನು ಆಡಿದ್ದು ತಪ್ಪು ವಿರೂಪಾಕ್ಷ. ಬಾಯಿ ತಪ್ಪಿ ಬಂದಿದ್ದಲ್ಲ, ಹಾಗೇ ಅಂದ್ಕೊಂಡಿದ್ದೆ. ಅಂದ್ಕೊಂಡಿದ್ದೂ ತಪ್ಪು.”

ಅವನು ರುಖಿಯಾಳ ಕಡೆ ನೋಡಿದ. ಅವಳು ಬೇವಿನ ಮರ ನೋಡಿದಳು.

“ನನ್ನೆದುರಿಗೆ ನೀವು ಚೆನ್ನಾಗೇ ಮಾತಾಡಿದ್ರಿ ಮೇಡಂ,” ಎಂದ. “ಅದಕ್ಕೇ ಜಾಸ್ತಿ ಬೇಜಾರಾಯ್ತು. ಬೈಯೋರು ಇಲ್ಲಿ ಬೇಕಾದಷ್ಟು ಜನ ಇದಾರೆ, ಬೈದು ಬಸ್ ಹತ್ತಿ ಹೋಗ್ತಾರೆ. ನಿಮ್ಮನ್ನ ನಾನು ನಂಬಿದ್ದೆ.”

ಸುಮ್ಮನಿರಬೇಕಾದಲ್ಲಿ ಸುಮ್ಮನಿರುವುದು ಎಷ್ಟು ಕಷ್ಟವೆಂದು ತಿಳಿದು ತರಬೇತಿಯವರ ಬಗ್ಗೆ ಕನಿಕರವಾಯಿತು. ಕೊನೆಗೆ ಅವನೇ ಕಟ್ಟೆಯ ಆ ತುದಿಗೆ ಕೂತ.

“ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಇದೆ. ಏನ್ ಕೇಳ್ಬೇಕು ಕೇಳಿ. ಇಲ್ಲಿ ಹೇಳ್ತೀನಿ.”

ಅವನು ಹೇಳಿದ್ದೆಲ್ಲವನ್ನೂ ಇಲ್ಲಿ ಬರೆಯುವುದಿಲ್ಲ, ಅದು ಅವನದು. ಬರೆಯಬಹುದು ಎಂದು ಅವನೇ ಒಪ್ಪಿದ್ದು ಇಷ್ಟು. ಅವನ ಮನೆಯಲ್ಲಿ ಒಂದು ಕೋಣೆಯ ಕಿಟಕಿಗೆ ಹಲಗೆ ಹೊಡೆದಿದ್ದಾರೆ. ಅದರೊಳಗೆ ಏಳು ವರ್ಷದ ಹುಡುಗಿಯೊಬ್ಬಳು ಮಗ್ಗಿ ಹೇಳುತ್ತಾಳೆ, ಹದಿಮೂರರ ಮಗ್ಗಿಯಲ್ಲಿ ತಪ್ಪಿ ನಗುತ್ತಾಳೆ. ಅವನ ತಾಯಿ ಗೌರಮ್ಮ ದಿನವೂ ಸಂಜೆ ಅಲ್ಲಿ ಹೋಗಿ ಕೂತು ಬರುತ್ತಾರೆ. ಬಂದು ಇವನ ಮುಖ ನೋಡಿ, ಅವಳನ್ನು ಏನು ಮಾಡಿದೆ ಎನ್ನುವ ಹಾಗೆ ನಿಟ್ಟುಸಿರು ಬಿಡುತ್ತಾರೆ. “ಚಿಕ್ಕೋನಾಗಿದ್ದಾಗಿನ ಆ ದನಿ ಒಂದು ಕೋಣೇಲಿದ್ದಿದ್ದೇ ಸಾಕು ಮೇಡಂ,” ಎಂದ. “ಇನ್ನೊಂದು ಕೋಣೇಲಿ ಬಿಟ್ಟು ಬರೋಕೆ ನನ್ನಿಂದ ಆಗಲ್ಲ. ಔಷಧಿ ತಗೊಂಡು ನನ್ನದು ಅನ್ನೋ ದನಿ ಬರ್ಲಿ, ಆಗ ಎಲ್ಲಿ ಬೇಕಾದ್ರೂ ಮಾತಾಡ್ತೀನಿ.” ಅಜ್ಜನ ವಿಚಾರವನ್ನೂ ಹೇಳಿದ. ಅಜ್ಜ ದೋಣಿ ನಡೆಸುತ್ತಿದ್ದರು. ಬೆಳಗಾದರೆ ನದಿ, ಊಟಕ್ಕೂ ನದಿಯ ದಂಡೆ. ಮನೆಯೊಳಗೆ ಬಾಯಿ ಬಿಡುತ್ತಿದ್ದದ್ದೇ ಅಪರೂಪ. ಅವರು ಹೋದ ಮೇಲೆ ಗೌರಮ್ಮ ಮನೆಯ ಕೋಣೆ ಕೋಣೆಯಲ್ಲೂ ಕೂತು ನೋಡಿದರಂತೆ. ಎಲ್ಲೂ ಒಂದು ಮಾತು ಸಿಗಲಿಲ್ಲ. “ಅದಕ್ಕೇ ನಂದನ್ನ ಹಲಗೆ ಹೊಡೆದು ಇಟ್ಕೊಂಡಿರೋದು. ಅಮ್ಮನ ಮೇಲೂ ಕೋಪ ಮಾಡ್ಕೊಳ್ಳೋಕಾಗಲ್ಲ.”

ಅಲ್ಲಿ ಗೋಡೆಯಿರಲಿಲ್ಲ. ಅವನು ಹೇಳಿದ್ದು ಹೇಳಿದ ಹಾಗೇ ಬೇವಿನ ಎಲೆಗಳ ನಡುವೆ ಹೋಗಿಬಿಡುತ್ತಿತ್ತು. ಆಮೇಲೆ ಕೋಣೆಗೆ ಹೋಗಿ ಕೇಳಿಕೊಂಡರಾಯಿತು ಎಂಬ ಧೈರ್ಯವಿಲ್ಲದೆ ಒಬ್ಬರ ಮಾತನ್ನು ಕೇಳಿದ್ದು ನಾನು ಆವತ್ತೇ ಮೊದಲು. ಒಂದು ಮಾತು ತಪ್ಪಿದರೆ ಮತ್ತೆ ಸಿಗುವುದಿಲ್ಲವೆಂದು ಅವನ ಮುಖವನ್ನೇ ನೋಡುತ್ತ ಕೂತೆ. ರುಖಿಯಾ ಮೂರು ವಾರ ಹೀಗೇ ಕೂತಿದ್ದಳು.

“ಆ ನಿಮ್ಮ ಮಾತು ಕೋಣೇಲಿ ಇನ್ನೂ ಇದೆಯಾ?” ಎಂದು ಏಳುವಾಗ ಕೇಳಿದ.

“ಇದೆ. ನೀವು ಹೇಳಿದ್ರೆ ಕಿಟಕಿ ತೆಗೀತೀನಿ.”

“ತೆಗೀರಿ. ಪಾಪ, ನೀವಾದ್ರೂ ಎಷ್ಟು ಸಲ ಕೇಳ್ತೀರ,” ಎಂದು ಬಸ್ಸಿನ ಕಡೆ ಹೋದ.

ವಾಪಸ್ಸು ಬಂದು ನಮೂನೆ ತೆಗೆದುಕೊಂಡೆ. ‘ಕೋಣೆಯಲ್ಲಿ ಕೇಳಿಸಿದ ಮಾತು’ ಎಂಬ ಅಂಕಣದಲ್ಲಿ, ‘ಕೋಣೆಯಲ್ಲಿ ಕೇಳಿಸಿದ್ದು ನನ್ನ ಮಾತು, ಅದು ತಪ್ಪಾಗಿತ್ತು. ಅರ್ಜಿದಾರರ ಮಾತನ್ನು ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದೇನೆ. ಅದಕ್ಕೂ ಮೊದಲು ರುಖಿಯಾ ಮೂರು ಸಲ ಕೇಳಿದ್ದಾರೆ’ ಎಂದು ಬರೆದು ಸಹಿ ಹಾಕಿದೆ. ಮೇಲಿನ ಮಹಡಿಯಿಂದ ನನಗೆ ವಿವರಣೆ ಕೇಳಿ ನೋಟೀಸು ಬಂತು, ಅದು ಈಗಲೂ ನನ್ನ ಬಳಿ ಇದೆ. ಗುರುವಾರ ಡಾಕ್ಟರು ಪತ್ರದ ಜೊತೆಗಿದ್ದ ನಮೂನೆ ಓದಿ, “ಬಸ್ ಸ್ಟ್ಯಾಂಡಾ?” ಎಂದರಂತೆ. “ಹೌದು ಸಾರ್,” ಎಂದನಂತೆ ವಿರೂಪಾಕ್ಷ. ಅವರು ಔಷಧಿ ಬರೆದುಕೊಟ್ಟರು. ನನ್ನ ಕಿಟಕಿಯನ್ನು ತೆಗೆಯಲು ಸಿದ್ದಮ್ಮನೂ ನಾನೂ ಇಬ್ಬರೂ ಹಿಡಿದು ಎಳೆಯಬೇಕಾಯಿತು. ಹನ್ನೊಂದು ವರ್ಷ ಹೊರಗೆ ಹೋಯಿತು, ಜನರೇಟರಿನ ಹೊಗೆ ಒಳಗೆ ಬಂತು. ಮುಂದಿನ ತಂಡದಿಂದ ತರಬೇತಿಯವರಿಗೆ ಮೂರನೆಯ ಪಾಠ ಸೇರಿಸಿದೆ. ವಾರಕ್ಕೊಂದು ದಿನ ನನ್ನ ಕೋಣೆಗೆ ಬಂದು ಕೂತು ನನ್ನನ್ನು ಕೇಳಿಸಿಕೊಳ್ಳಬೇಕು, ನನ್ನ ತಪ್ಪು ಬರೆದುಕೊಡಬೇಕು. ಬಹಳ ಉತ್ಸಾಹದಿಂದ ಬರೆಯುತ್ತಿದ್ದರು.

ಹತ್ತು ತಿಂಗಳ ನಂತರ ಒಂದು ಮಧ್ಯಾಹ್ನ ವಿರೂಪಾಕ್ಷ ಬಂದ. ತುಟಿಯ ಮೇಲೆ ಸಣ್ಣಗೆ ಮೀಸೆ. ಬಾಗಿಲ ಹೊರಗೆ ನಿಲ್ಲದೆ ನೇರ ಒಳಗೆ ಬಂದು, “ಮೇಡಂ, ನಿಮ್ಮ ಕೋಣೆ ಸ್ವಲ್ಪ ಕೊಡ್ತೀರಾ?” ಎಂದ. ದನಿ ಕೇಳಿ ನಾನು ಕನ್ನಡಕ ತೆಗೆದು ನೋಡಿದೆ. ಎದ್ದು ಹೊರಗೆ ಬಂದೆ. ಅವನೇ ಕಿಟಕಿ ಎಳೆದು ಮುಚ್ಚಿದ ಸದ್ದು ಕೇಳಿಸಿತು. ಆಮೇಲಿನದೆಲ್ಲ ಜನರೇಟರಿನ ಸದ್ದಿನಲ್ಲಿ ಮುಚ್ಚಿಹೋಯಿತು. ಐದು ನಿಮಿಷಕ್ಕೆ ಹೊರಗೆ ಬಂದ, ಬೆವರಿದ್ದ. “ಸಂಜೆ ಅಮ್ಮ ಬರ್ತಾರೆ. ಅಲ್ಲೀತನಕ ಕಿಟಕಿ ತೆಗೀಬೇಡಿ. ನಾನಿರಲ್ಲ, ಐದೂವರೆ ಬಸ್ ಇದೆ,” ಎಂದು ಹೊರಟುಹೋದ. ಆ ಮಧ್ಯಾಹ್ನವೆಲ್ಲ ನಾನು ಹಜಾರದ ಬೆಂಚಿನ ಮೇಲೆ ಕೂತು ಕಡತ ನೋಡಿದೆ. ಒಳಗೆ ಹೋಗಿ ಕೇಳುವ ಅಧಿಕಾರ ನನಗಿತ್ತು. ಮೊದಲು ಕೇಳಬೇಕಾದವರು ನಾನಲ್ಲ ಎನಿಸಿತು.

ಗೌರಮ್ಮ ಐದು ಗಂಟೆಗೆ ಬಂದರು. ಸಣ್ಣ ಆಳು, ಕೈಯಲ್ಲೊಂದು ಬಟ್ಟೆಯ ಚೀಲ, ಯಾರನ್ನೂ ನಂಬದ ಕಣ್ಣು. “ಯಾವ್ ಕೋಣೆ?” ಎಂದು ಮಾತ್ರ ಕೇಳಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸಿದ್ದಮ್ಮನೂ ನಾನೂ ಹೊರಗೆ ಕೂತೆವು. ಕಾಫಿ ಆರುವಷ್ಟು ಹೊತ್ತಾಯಿತು. ಇನ್ನೊಂದು ಕಾಫಿ ಆರುವಷ್ಟಾಯಿತು. ಸಿದ್ದಮ್ಮ ಎದ್ದು ಬಾಗಿಲಿಗೆ ಕಿವಿ ಕೊಡಲು ಹೋದಳು, ಸೆರಗು ಹಿಡಿದು ಕೂರಿಸಿದೆ.

ಬಾಗಿಲು ತೆಗೆದು ಗೌರಮ್ಮ ಹೊಸ್ತಿಲ ಮೇಲೆಯೇ ನಿಂತರು. ಕಣ್ಣು ಒದ್ದೆಯಾಗಿದ್ದರೂ ದನಿ ಗಡುಸಾಗೇ ಇತ್ತು.

“ನಮ್ಮಪ್ಪ,” ಎಂದರು. “ದೋಣಿ ಕಟ್ಟೇಲಿ ನಿಂತು ನಮ್ಮಪ್ಪ ಹಿಂಗೇ ಕೂಗ್ತಿದ್ರು. ಬನ್ನಿ ಬನ್ನಿ, ಹತ್ತಿ ಹತ್ತಿ ಅಂತ. ಅದೇ ಗಂಟಲು. ಹತ್ತೊಂಬತ್ತು ವರ್ಷ ಆಗಿತ್ತು ನಾನು ಕೇಳಿ.” ಚೀಲವನ್ನು ಇನ್ನೊಂದು ಕೈಗೆ ತೆಗೆದುಕೊಂಡು, “ಕೊನೇಲಿ ಸ್ವಲ್ಪ ಒಡೀತದೆ. ಬಿಸಿನೀರು ಕುಡಿಯೋ ಅಂದ್ರೆ ಕೇಳಲ್ಲ ಅವ್ನು,” ಎಂದರು. ಮತ್ತೆ ನನ್ನ ಕಡೆ ನೋಡಿ, “ಇನ್ನೊಂದ್ಸಲ ಕೂತ್ಕೊಳ್ಲಾ?” ಎಂದು ಕೇಳಿದರು. ತಲೆಯಾಡಿಸಿದೆ. ಒಳಗೆ ಹೋದರು.

ಆ ಮನೆಯ ಕಿಟಕಿಗೆ ಹೊಡೆದ ಹಲಗೆ ಏನಾಯಿತೋ ನಾನು ಯಾವತ್ತೂ ಕೇಳಲಿಲ್ಲ. ಅಂದು ಕಚೇರಿ ಮುಚ್ಚುವ ಹೊತ್ತಾಗಿ, ಗೌರಮ್ಮ ಹೋದ ಮೇಲೆ ಸಿದ್ದಮ್ಮ ರೂಢಿಯಂತೆ ಸೆರಗು ಸಿಕ್ಕಿಸಿಕೊಂಡು ಎದ್ದಳು.

“ಕಿಟಕಿ ತೆಗೀಲಾ ಅಮ್ಮಾವ್ರೆ?”

“ತಡಿ,” ಎಂದೆ. “ಇನ್ನೂ ಜನ ಹತ್ತಬೇಕು.” ಅವಳನ್ನೂ ಕರೆದುಕೊಂಡು ಒಳಗೆ ಹೋಗಿ, ಬಾಯಿ ಮುಚ್ಚಿ ಕೂತೆ.